ಪ್ಲಸ್ ಟು ಮುಗೀತು, ಭೂಗೋಳ ತಗೊಳ್ಳಲಾ? ಕಾಸರಗೋಡಿನವರು ಸ್ವಲ್ಪ ಹೇಳಿ

ಪೆರ್ಲದ ಹುಡುಗಿ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಪೆರ್ಲದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ಲಸ್ ಟುನಲ್ಲಿ ಹ್ಯುಮ್ಯಾನಿಟೀಸ್ ತಗೊಂಡಿದ್ದೆ, ಅದರಲ್ಲಿ ಭೂಗೋಳ ಇತ್ತು. ಪ್ರಾಕ್ಟಿಕಲ್‌ಗೆ ಒಂದು ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಕೊಟ್ಟು ಓದಲು ಹೇಳಿದ್ದರು. ಎತ್ತರ ತೋರಿಸುವ ಕಂದು ಗೆರೆಗಳನ್ನು ನೋಡುತ್ತಾ ಗುಡ್ಡ ಎಲ್ಲಿ, ತೋಡು ಎಲ್ಲಿ ಅಂತ ಗೊತ್ತಾಗುತ್ತಾ ಹೋದ ಹಾಗೆ ಮೈ ಜುಮ್ಮೆಂದಿತು. ಪುಸ್ತಕದ ಕೊನೆಗೆ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದರ ಬಗ್ಗೆಯೂ ಒಂದು ಪಾಠ ಇತ್ತು. ಅದನ್ನು ಮಾಡಲು ಸಮಯ ಸಿಗಲಿಲ್ಲ.

ಡಿಗ್ರಿಗೆ ಇದನ್ನೇ ತಗೊಳ್ಳಬೇಕು ಅಂತ ಆಸೆ. ಆದರೆ ಅಪ್ಪ ಕೇಳುತ್ತಾರೆ, "ಭೂಗೋಳ ಕಲಿತರೆ ಟೀಚರ್ ಆಗುವುದು ಬಿಟ್ಟು ಬೇರೆ ಏನುಂಟು?" ಅಂತ. ದೊಡ್ಡಪ್ಪನ ಮಗ ಬಿಸಿಎ ಮಾಡು ಅನ್ನುತ್ತಾನೆ. ಓದಿದವರು ಯಾರಾದರೂ ಇದ್ದರೆ ನಿಜ ಹೇಳಿ. ಗಣಿತ ಎಷ್ಟು ಬೇಕು? ಕಂಪ್ಯೂಟರ್ ಎಷ್ಟು ಬೇಕು? ನಮ್ಮಂಥವರಿಗೆ ಆಗುತ್ತದಾ?

ಬಾಯಾರಿನವ (ಭಾನುವಾರ ರಾತ್ರಿ)

ತಂಗಿ, ನಾನು ಭೂಗೋಳದಲ್ಲಿ ಎಂಎಸ್ಸಿ ಮಾಡಿ ಈಗ ಬೆಂಗಳೂರಿನಲ್ಲಿ ಜಿಐಎಸ್ ಕೆಲಸದಲ್ಲಿದ್ದೇನೆ. ಎಂಟು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ಸಾಫ್ಟ್‌ವೇರ್ ಬಗ್ಗೆ ಹೆದರಬೇಡ. ಕ್ಯೂಜಿಐಎಸ್ ಅಂತ ಒಂದಿದೆ, ಪೂರ್ತಿ ಉಚಿತ. ಮನೆಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಮೂರು ತಿಂಗಳು ಕೂತರೆ ಬಟನ್‌ಗಳೆಲ್ಲ ಕೈಗೆ ಬರುತ್ತವೆ. ಕಷ್ಟ ಇರುವುದು ಬೇರೆ ಕಡೆ. ಪರದೆ ಮೇಲೆ ಕಾಣುವ ಬಣ್ಣ ನೆಲದಲ್ಲಿ ಏನು ಅಂತ ತಿಳಿಯುವುದು ಕಷ್ಟ.

ಒಂದು ಉದಾಹರಣೆ ಕೊಡುತ್ತೇನೆ. ಸೆಂಟಿನೆಲ್-2 ಅಂತ ಯುರೋಪಿನವರ ಉಪಗ್ರಹ, 2015ರಿಂದ ಚಿತ್ರ ಕಳಿಸುತ್ತಿದೆ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಅದರ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸೆಂಟ್ಸ್. ಅಡಿಕೆ ಸಸಿ ನೆಡುವಾಗ ಒಂಬತ್ತು ಅಡಿಗೆ ಒಂದು ಇಡುತ್ತೇವೆ ಅಲ್ವಾ? ಹಾಗಾದರೆ ಒಂದು ಪಿಕ್ಸೆಲ್ ಒಳಗೆ ಹದಿಮೂರು ಹದಿನಾಲ್ಕು ಅಡಿಕೆ ಮರ. ಮರಕ್ಕೆ ಕರಿಮೆಣಸಿನ ಬಳ್ಳಿ. ನಡುವೆ ಬಾಳೆ, ಕೆಲವು ಕಡೆ ಕೊಕ್ಕೊ. ಬದಿಯಲ್ಲಿ ಒಂದು ತೆಂಗು. ಇಷ್ಟಕ್ಕೂ ಸೇರಿ ಉಪಗ್ರಹ ಕೊಡುವುದು ಒಂದೇ ಸಂಖ್ಯೆ, ಒಂದೊಂದು ಬ್ಯಾಂಡಿಗೆ, ಅಂದರೆ ಬೆಳಕಿನ ಒಂದೊಂದು ಭಾಗಕ್ಕೆ, ಒಂದು. ಅದನ್ನು ನೋಡಿ ಇದು ಅಡಿಕೆ ತೋಟವೋ ರಬ್ಬರೋ ಕಾಡೋ ಅಂತ ಹೇಳಬೇಕು.

ನನ್ನ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಕಂಪ್ಯೂಟರ್ ಎಣ್ಮಕಜೆ ಕಡೆಯ ಎಷ್ಟೋ ತೋಟಗಳನ್ನು ಕಾಡು ಅಂತ ಗುರುತಿಸಿತು. ಜೊತೆಯಲ್ಲಿದ್ದ ಬೇರೆ ಊರಿನ ಹುಡುಗರಿಗೆ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ಅದರಲ್ಲಿ ಒಂದು ನನ್ನ ಸೋದರಮಾವನ ತೋಟ. ಆಮೇಲೆ ಏನು ಮಾಡಿದೆ ಗೊತ್ತಾ? ರಬ್ಬರ್ ಎಲೆ ಉದುರಿಸುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ. ಅಡಿಕೆ ಹಾಗೆ ಬೋಳಾಗುವುದಿಲ್ಲ. ನವೆಂಬರಿನ ಒಂದು ಚಿತ್ರ, ಜನವರಿಯ ಒಂದು ಚಿತ್ರ ಎರಡನ್ನೂ ಒಟ್ಟಿಗೆ ಹಾಕಿದೆ. ರಬ್ಬರ್ ಬೇರೆಯಾಗಿ ನಿಂತಿತು. ಈ ಉಪಾಯ ನಾನು ಪುಸ್ತಕದಲ್ಲಿ ಓದಿದ್ದಲ್ಲ. ಮನೆಯ ಹಿಂದಿನ ರಬ್ಬರ್ ಗುಡ್ಡೆಯಲ್ಲಿ ಒಣ ಎಲೆ ತುಳಿದು ಶಾಲೆಗೆ ಹೋದ ನೆನಪು.

ಹಾಗಾಗಿ ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಹೌದು. ನಮ್ಮಂಥವರಿಗೇ ಇದು ಚೆನ್ನಾಗಿ ಆಗುತ್ತದೆ.

ನೀರ್ಚಾಲಿನ ತೋಟದವ (ಸೋಮವಾರ ಬೆಳಿಗ್ಗೆ)

ನಾನು ಹುಡುಗಿಯ ಅಪ್ಪನ ಕಡೆಯಿಂದ ಕೇಳುತ್ತೇನೆ, ಬೇಜಾರು ಮಾಡಬೇಡಿ. ನನಗೂ ಓದುವ ಮಗಳಿದ್ದಾಳೆ. ಬಾಯಾರಿನವರೇ, ನಿಮಗೆ ಕೆಲಸ ಸಿಕ್ಕಿತು, ಸಂತೋಷ. ನಿಮ್ಮ ಜೊತೆ ಕಲಿತ ಬೇರೆಯವರು ಏನು ಮಾಡುತ್ತಿದ್ದಾರೆ? ಅದನ್ನು ಹೇಳಿ.

ಬಾಯಾರಿನವ (ಸೋಮವಾರ ಮಧ್ಯಾಹ್ನ)

ಅಣ್ಣ, ಸರಿಯಾದ ಪ್ರಶ್ನೆ. ನಾವು ಹದಿನಾರು ಜನ. ಐದು ಮಂದಿ ಮ್ಯಾಪ್ ಮತ್ತು ಡೇಟಾ ಕೆಲಸದಲ್ಲಿ ಇದ್ದೇವೆ. ನಾಲ್ಕು ಮಂದಿ ನೆಟ್ ಪರೀಕ್ಷೆ ಅಥವಾ ಬಿಎಡ್ ಮಾಡಿ ಪಾಠ ಮಾಡುತ್ತಿದ್ದಾರೆ. ಒಬ್ಬಳು ಪಿಎಚ್‌ಡಿ. ಇಬ್ಬರು ಸರ್ಕಾರಿ ಕೆಲಸದಲ್ಲಿ, ಆದರೆ ಅದು ಭೂಗೋಳದಿಂದ ಸಿಕ್ಕಿದ್ದಲ್ಲ, ಪರೀಕ್ಷೆ ಬರೆದು ಸಿಕ್ಕಿದ್ದು. ಉಳಿದವರು ಬೇರೆ ದಾರಿ ಹಿಡಿದರು.

ಮೊದಲ ಎರಡು ವರ್ಷ ಕಷ್ಟ ಇದೆ ಅಂತ ಮುಚ್ಚಿಡುವುದಿಲ್ಲ. ಹೊಸಬರಿಗೆ ಸಿಗುವುದು ಡಿಜಿಟೈಸಿಂಗ್. ಬೆಳಗಿನಿಂದ ಸಂಜೆವರೆಗೆ ಚಿತ್ರದ ಮೇಲೆ ರಸ್ತೆ, ಮನೆ, ಬೇಲಿ ಎಳೆಯುವುದು. ಸಂಬಳ ಕಡಿಮೆ. ಅಲ್ಲೇ ನಿಂತುಬಿಟ್ಟರೆ ಬೇಸರ ಬರುತ್ತದೆ. ಸ್ಟ್ಯಾಟಿಸ್ಟಿಕ್ಸ್ ಮತ್ತು ಸ್ವಲ್ಪ ಪೈಥಾನ್ ಅಥವಾ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತವರು ಅಲ್ಲಿಂದ ಮೇಲೆ ಹೋದರು. ಅಷ್ಟೇ ವ್ಯತ್ಯಾಸ.

ಕೆಲಸ ಎಲ್ಲಿಂದ ಬರುತ್ತದೆ ಅಂದರೆ, ಕೇರಳದಲ್ಲಿ 2022ರಿಂದ ಜಮೀನಿನ ಡಿಜಿಟಲ್ ರೀಸರ್ವೆ ನಡೆಯುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಮ್ಯಾಪ್ ಮಾಡುವ ನಿಯಮಗಳನ್ನು ಸಡಿಲ ಮಾಡಿತು. 2018ರ ನೆರೆ, 2024ರ ವಯನಾಡಿನ ಗುಡ್ಡ ಕುಸಿತ ಆದ ಮೇಲೆ ಎಲ್ಲಿ ಅಪಾಯ ಅಂತ ಗುರುತಿಸುವ ಕೆಲಸವೂ ಜಾಸ್ತಿಯಾಗಿದೆ.

ವಿದ್ಯಾನಗರದ ಕಲ್ಲು (ಸೋಮವಾರ ಸಂಜೆ)

ನಾನು ಜಿಯಾಲಜಿ ವಿದ್ಯಾರ್ಥಿ. ಪೆರ್ಲದವರಿಗೆ ಒಂದು ಮಾತು. ಭೂಗೋಳ ಡಿಗ್ರಿ ಎಲ್ಲ ಕಾಲೇಜುಗಳಲ್ಲಿ ಇಲ್ಲ. ಮನೆಯಿಂದ ಹೋಗಿಬರುವ ಹಾಗೆ ಬೇಕು ಅಂದರೆ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಜಿಯಾಲಜಿ ಇದೆ. ಆದರೆ ಅದಕ್ಕೆ ಪ್ಲಸ್ ಟುನಲ್ಲಿ ಸೈನ್ಸ್ ಬೇಕು, ನಿಮಗೆ ಆ ಬಾಗಿಲು ಇಲ್ಲ. ಭೂಗೋಳಕ್ಕೆ ಹಾಗಲ್ಲ, ಹ್ಯುಮ್ಯಾನಿಟೀಸ್‌ನವರನ್ನೂ ತಗೊಳ್ಳುವ ಕಾಲೇಜುಗಳು ಇವೆ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಹಳೆಯ ಭೂಗೋಳ ವಿಭಾಗಗಳಿವೆ. ಕೇರಳದ ಒಳಗೆ ಓದುವುದಾದರೆ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಮೇಜರ್ ಅಂದರೆ ಮುಖ್ಯ ವಿಷಯ, ಅದರ ಜೊತೆಗೆ ಮೈನರ್ ಅಂತ ಇನ್ನೊಂದು ವಿಷಯ ಆರಿಸಬಹುದು. ಸ್ಟ್ಯಾಟಿಸ್ಟಿಕ್ಸ್ ಅಥವಾ ಕಂಪ್ಯೂಟರ್ ಮೈನರ್ ಸಿಗುವ ಕಾಲೇಜು ಹುಡುಕಿ. ಡೆಹ್ರಾಡೂನಿನ ಐಐಆರ್‌ಎಸ್, ಅಂದರೆ ಇಸ್ರೋದ ಸಂಸ್ಥೆ, ಆನ್‌ಲೈನ್ ಕೋರ್ಸ್‌ಗಳನ್ನು ಉಚಿತವಾಗಿ ನಡೆಸುತ್ತದೆ. ಡಿಗ್ರಿ ಓದುವಾಗಲೇ ಸೇರಬಹುದು.

ಮುಳ್ಳೇರಿಯದ ಮಾಸ್ತರು (ಸೋಮವಾರ ರಾತ್ರಿ)

ಮಗಾ, ನಾನು ನಿವೃತ್ತ ಹೈಸ್ಕೂಲ್ ಮಾಸ್ತರು. ಸಮಾಜ ಪಾಠ ಮಾಡಿದವನು. ನಿನ್ನ ಟೋಪೋಶೀಟಿನ ಮಾತು ಓದಿ ಖುಷಿಯಾಯಿತು. ಆ ಶೀಟಿನಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದಲ್ಲಿ ಒಂದು ಕಿಲೋಮೀಟರ್. ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ. ನೀನು ಇಷ್ಟು ತಿಳಿದಿದ್ದೀ. ಈಗ ಇನ್ನೊಂದು ಸಂಗತಿ ನೋಡು.

ನಮ್ಮ ಊರಿನ ಹೆಸರುಗಳೇ ಒಂದು ನಕ್ಷೆ. ಬದಿಯಡ್ಕ, ಕಾರಡ್ಕ, ಏತಡ್ಕ. ಅಡ್ಕ ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು ಜಾಗ, ಬೇಸಾಯಕ್ಕೆ ಆಗದ ಗಟ್ಟಿ ನೆಲ. ಮೀಯಪದವು ಇದೆ. ಪದವು ಅಂದರೆ ಎತ್ತರದಲ್ಲಿ ಚಪ್ಪಟೆಯಾದ ಜಾಗ. ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಅಂತ ಮೂರು. ಬೈಲು ಕೆಳಗಿನದು, ನೀರು ನಿಲ್ಲುತ್ತದೆ, ಹಿಂದೆ ಮೂರು ಬೆಳೆ ತೆಗೆಯುತ್ತಿದ್ದರು. ಮಜಲು ನಡುವಿನದು, ಎರಡು ಬೆಳೆ. ಬೆಟ್ಟು ಮೇಲಿನದು, ಮಳೆ ನಂಬಿದ ಒಂದೇ ಬೆಳೆ. ನಮ್ಮ ಹಿರಿಯರು ಎತ್ತರ, ಮಣ್ಣು, ನೀರು ಮೂರನ್ನೂ ಒಂದು ಮಾತಿನಲ್ಲಿ ಹಿಡಿದಿದ್ದಾರೆ.

ನೀನು ಕಂಪ್ಯೂಟರ್ ಕಲಿತ ಮೇಲೆ ಒಂದು ಕೆಲಸ ಮಾಡು. ಈ ಜಿಲ್ಲೆಯ ಅಡ್ಕ, ಪದವು, ಬೈಲು, ಮಜಲು ಅಂತ ಮುಗಿಯುವ ಹೆಸರುಗಳನ್ನೆಲ್ಲ ಗುರುತಿಸಿ ಎತ್ತರದ ನಕ್ಷೆ ಮೇಲೆ ಇಡು. ಹೆಸರು ಹೇಳುವುದಕ್ಕೂ ನೆಲ ಹೇಳುವುದಕ್ಕೂ ಎಲ್ಲಿ ತಾಳೆ ಆಗುತ್ತದೆ, ಎಲ್ಲಿ ಆಗುವುದಿಲ್ಲ ನೋಡು. ನಾನು ಬದುಕಿರುವಾಗ ಯಾರಾದರೂ ಅದನ್ನು ಮಾಡಿ ತೋರಿಸಬೇಕು ಅಂತ ತುಂಬ ಆಸೆ.

ಪೆರ್ಲದ ಹುಡುಗಿ (ಮಂಗಳವಾರ)

ಮಾಸ್ತರ್ರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ನಮ್ಮ ಜಾಗದ ಮೂಲೆ ಮೂಲೆಗೂ ಇರುವ ಹೆಸರು ಹೇಳುತ್ತಾ ಹೋದರು. ಹನ್ನೊಂದು ಹೆಸರು ಬರೆದುಕೊಂಡೆ! ಒಂದೂ ನನಗೆ ಗೊತ್ತಿರಲಿಲ್ಲ.

ಇನ್ನೊಂದು ಚಿಂತೆ ಇದೆ. ಇಂಗ್ಲಿಷ್. ಪ್ಲಸ್ ಟು ಹೇಗೋ ಆಯಿತು. ಡಿಗ್ರಿಯಲ್ಲಿ ಎಲ್ಲ ಇಂಗ್ಲಿಷ್, ಕ್ಲಾಸಿನಲ್ಲಿ ಮಾತು ಮಲಯಾಳಂ.

ಚಂದ್ರಗಿರಿ ದಡ (ಮಂಗಳವಾರ ರಾತ್ರಿ)

ನಾನೂ ಕನ್ನಡ ಮೀಡಿಯಂನಿಂದ ಬಂದು ಈಗ ಸಂಶೋಧನೆ ಮಾಡುತ್ತಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಒಬ್ಬಳೇ ಕೂತು ಅತ್ತಿದ್ದೂ ಉಂಟು. ನನಗೆ ಸಹಾಯ ಆದದ್ದು ಒಂದು ನೋಟ್‌ಬುಕ್. ಹೊಸ ಪದ ಬಂದಾಗ ಅದರ ಅರ್ಥ ಬರೆಯುತ್ತಿರಲಿಲ್ಲ. ನಮ್ಮ ಊರಿನ ಒಂದು ಜಾಗ ಬರೆಯುತ್ತಿದ್ದೆ. ವಾಟರ್‌ಶೆಡ್‌ನ ಗಡಿ ಅಂದರೆ ನಮ್ಮ ಮನೆಯ ಹಿಂದಿನ ಗುಡ್ಡೆಯ ನೆತ್ತಿ, ಒಂದು ಬದಿಯ ಮಳೆನೀರು ನಮ್ಮ ತೋಡಿಗೆ, ಇನ್ನೊಂದು ಬದಿಯದು ಆಚೆ ಮನೆಯವರ ತೋಡಿಗೆ. ಬಫರ್ ಅಂದರೆ ಹೊಳೆಯಿಂದ ಇಷ್ಟು ದೂರದವರೆಗೆ ಅಂತ ಎಳೆಯುವ ಪಟ್ಟಿ. ಪದ ಇಂಗ್ಲಿಷಿನದ್ದೇ ಇರಲಿ, ಅದಕ್ಕೆ ನಮ್ಮ ನೆಲ ಅಂಟಿಕೊಂಡರೆ ಮರೆಯುವುದಿಲ್ಲ.

ಮತ್ತೆ ಭಾಷೆ ಹೆಚ್ಚು ಗೊತ್ತಿದ್ದರೆ ಈ ಕೆಲಸದಲ್ಲಿ ಲಾಭವೇ. ಒಂದು ಪಟ್ಟಿಯಲ್ಲಿ ಬದಿಯಡ್ಕ ಅಂತ ಇರುತ್ತದೆ, ಇನ್ನೊಂದರಲ್ಲಿ ಮಲಯಾಳದ ಹಾಗೆ ಬದಿಯಡುಕ್ಕ. ಕುಂಬಳೆ ಒಂದರಲ್ಲಿ, ಕುಂಬಳ ಇನ್ನೊಂದರಲ್ಲಿ. ಹೆಸರು ನೋಡಿ ಎರಡು ಪಟ್ಟಿ ಜೋಡಿಸಿದರೆ ಕಂಪ್ಯೂಟರ್ ಇವು ಬೇರೆ ಬೇರೆ ಊರು ಅಂತ ಬಿಟ್ಟುಬಿಡುತ್ತದೆ. ನಕ್ಷೆಯಲ್ಲಿ ಆ ಪಂಚಾಯತ್ ಖಾಲಿ ಬಿಳಿ. ನೋಡಿದವರು ಅಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಹೆಸರಿನ ಬದಲು ಜನಗಣತಿಯ ಕೋಡ್ ನಂಬರ್ ಹಿಡಿದು ಜೋಡಿಸಬೇಕು. ಇನ್ನೂ ಒಂದು ಎಚ್ಚರ. 2011ರ ಜನಗಣತಿ ಆದಾಗ ಈ ಜಿಲ್ಲೆಯಲ್ಲಿ ಕಾಸರಗೋಡು, ಹೊಸದುರ್ಗ ಅಂತ ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಆದವು. ಇಂದಿನ ತಾಲೂಕು ಗಡಿ ಹಾಕಿ ಅಂದಿನ ಸಂಖ್ಯೆ ತುಂಬಿದರೆ ತಪ್ಪು ನಕ್ಷೆ.

ನನ್ನ ವಿಷಯ ಪಯಸ್ವಿನಿ. ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ, ಇಲ್ಲಿ ಚಂದ್ರಗಿರಿ ಅನ್ನಿಸಿಕೊಂಡು ಸಮುದ್ರ ಸೇರುತ್ತದೆ. ಹೊಳೆ ಒಂದೇ. ಆದರೆ ಡೇಟಾ ಎರಡು. ಮೇಲಿನ ಭಾಗದ್ದು ಬೆಂಗಳೂರಿನ ದೂರಸಂವೇದಿ ಕೇಂದ್ರದಿಂದ, ಕೆಳಗಿನದ್ದು ತಿರುವನಂತಪುರದ ಕೇಂದ್ರದಿಂದ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ 1956ರಲ್ಲಿ ಆದ ರಾಜ್ಯದ ಗಡಿಗೆರೆ ಎದ್ದು ಕಾಣುತ್ತದೆ. ಗೆರೆಯ ಈಚೆ ಒಂದು ಬಣ್ಣ, ಆಚೆ ಇನ್ನೊಂದು. ನೆಲದಲ್ಲಿ ನಿಂತು ನೋಡಿದರೆ ಎರಡೂ ಕಡೆ ಅದೇ ಅಡಿಕೆ, ಅದೇ ಕೆಂಪು ಮಣ್ಣು. ನಾನು ಎರಡನ್ನೂ ಬದಿಗಿಟ್ಟು ಉಪಗ್ರಹದ ಚಿತ್ರದಿಂದ ಪೂರ್ತಿ ಕಣಿವೆಯನ್ನು ಮೊದಲಿನಿಂದ ಮಾಡಿದೆ. ಒಂದು ವರ್ಷ ಹಿಡಿಯಿತು. ಮಳೆಗಾಲದಲ್ಲಂತೂ ನಾಲ್ಕು ತಿಂಗಳು ಚಿತ್ರದ ತುಂಬ ಮೋಡ. ಆಗ ಸೆಂಟಿನೆಲ್-1ರ ರೇಡಾರ್ ಚಿತ್ರ ಹಿಡಿಯಬೇಕು, ಅದಕ್ಕೆ ಮೋಡ ಅಡ್ಡ ಬರುವುದಿಲ್ಲ.

ಪೆರ್ಲದ ಹುಡುಗಿ (ಮೂರು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಅರ್ಜಿ ಹಾಕಿದೆ. ಅಪ್ಪ ಒಪ್ಪಿದರು. ಸೀಟಿನ ವಿಷಯ ಬರುವವರೆಗೆ ಕೈಕಟ್ಟಿ ಕೂರುವುದು ಬೇಡ ಅಂತ ಕ್ಯೂಜಿಐಎಸ್ ಹಾಕಿಸಿಕೊಂಡೆ. ನಮ್ಮ ಸುತ್ತಿನ ಸುರಂಗಗಳನ್ನು ಗುರುತಿಸಲು ಶುರು ಮಾಡಿದ್ದೇನೆ. ಈ ಕಡೆಯವರಲ್ಲದವರಿಗೆ ಹೇಳುವುದಾದರೆ, ಇದು ಗುಡ್ಡದ ಬದಿಗೆ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ನೀರಿನ ಸುರಂಗ. ಪಂಪ್ ಬೇಡ, ನೀರು ತಾನಾಗಿ ಹೊರಗೆ ಹರಿಯುತ್ತದೆ.

ಫೋನಿನಲ್ಲಿ ಅಕ್ಷಾಂಶ ರೇಖಾಂಶ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ಒಳಗೆ ಸಿಗ್ನಲ್ ಬರುವುದಿಲ್ಲ, ಬಾಯಿ ಹತ್ತಿರವೇ ನಿಂತು ತೆಗೆದದ್ದು. ನೀರು ಅಳೆಯಲು ಅಮ್ಮನ ಹತ್ತು ಲೀಟರ್ ಕೊಡಪಾನ ಹಿಡಿದೆ. ನಮ್ಮ ಮನೆಯದ್ದು ತುಂಬಲು 50 ಸೆಕೆಂಡ್, ಅಂದರೆ ನಿಮಿಷಕ್ಕೆ 12 ಲೀಟರ್. ಒಟ್ಟು 23 ಸುರಂಗ ಆಯಿತು. ಎಲ್ಲ ಕಂಪ್ಯೂಟರಿಗೆ ಹಾಕಿದೆ. ಒಂದೂ ಕಾಸರಗೋಡಿನಲ್ಲಿ ಇಲ್ಲ. ಎಲ್ಲ ಚುಕ್ಕಿಗಳೂ ನಾರ್ವೆಯ ಉತ್ತರಕ್ಕೆ ಸಮುದ್ರದ ನಡುವೆ ಹೋಗಿ ಕೂತಿವೆ. ಎರಡು ದಿನದಿಂದ ನೋಡುತ್ತಿದ್ದೇನೆ, ಎಲ್ಲಿ ತಪ್ಪಿದೆ ಗೊತ್ತಾಗುತ್ತಿಲ್ಲ. ಸಹಾಯ ಮಾಡಿ.

ಬಾಯಾರಿನವ (ಅದೇ ರಾತ್ರಿ)

ಎಕ್ಸ್ ಕಾಲಮ್ಮಿಗೆ ಅಕ್ಷಾಂಶ, ವೈ ಕಾಲಮ್ಮಿಗೆ ರೇಖಾಂಶ ಹೋಗಿದೆ ತಂಗಿ. ನಾವಿರುವುದು 12.6 ಉತ್ತರ, 75.1 ಪೂರ್ವದ ಆಸುಪಾಸು. ಅದಲುಬದಲಾದರೆ 75 ಉತ್ತರ, 12 ಪೂರ್ವ ಆಗುತ್ತದೆ. ಅದು ಸ್ವಾಲ್ಬಾರ್ಡ್ ದ್ವೀಪಗಳ ಕೆಳಗಿನ ಸಮುದ್ರ. ಕ್ಯೂಜಿಐಎಸ್ ಎಕ್ಸ್ ಅಂತ ಕೇಳಿದರೆ ರೇಖಾಂಶ ಕೊಡು, ವೈ ಅಂದರೆ ಅಕ್ಷಾಂಶ.

ಅಳತೆ ಮೀಟರಿನಲ್ಲಿ ಬೇಕಾದಾಗ ಯುಟಿಎಂ ವಲಯ 43 ಉತ್ತರ ಅಂತ ಆರಿಸು. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ. ಆ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ. ಅದು ನಮ್ಮ ಕಾಸರಗೋಡು ಪೇಟೆಯ ಹತ್ತಿರವೇ ಹಾದು ಹೋಗುತ್ತದೆ. ಅಲ್ಲಿ ಪೂರ್ವದ ಸಂಖ್ಯೆ 5,00,000 ಬಂದರೆ ಸರಿ ಇದ್ದೀ ಅಂತ. ಪೆರ್ಲ ಅದಕ್ಕಿಂತ ಪೂರ್ವಕ್ಕೆ, ಆದ್ದರಿಂದ ನಿನ್ನದೆಲ್ಲ ಐದು ಲಕ್ಷ ದಾಟಬೇಕು. ಹಳೆಯ ಟೋಪೋಶೀಟ್ ಸ್ಕ್ಯಾನ್ ಮಾಡಿ ಕೆಳಗಿಟ್ಟರೆ ಎಚ್ಚರ. ಅದು ಎವರೆಸ್ಟ್ ಅಳತೆಯದ್ದು, ಫೋನಿನದ್ದು ಡಬ್ಲ್ಯುಜಿಎಸ್ 84. ಭೂಮಿಯ ಆಕಾರವನ್ನು ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಹಿಡಿಯುತ್ತವೆ. ಅದನ್ನು ಸರಿಮಾಡದಿದ್ದರೆ ನಿನ್ನ ಸುರಂಗ ಪಕ್ಕದ ಮನೆಯವರ ಜಾಗದಲ್ಲಿ ಕಾಣುತ್ತದೆ.

ಪೆರ್ಲದ ಹುಡುಗಿ (ಮರುದಿನ)

ಬಂತು ಅಣ್ಣ! 23 ಚುಕ್ಕಿಯೂ ಮನೆಗೆ ಬಂದವು. ಅಮ್ಮನನ್ನು ಕರೆದು ತೋರಿಸಿದೆ. ಎತ್ತರದ ನಕ್ಷೆ ಕೆಳಗೆ ಹಾಕಿದಾಗ ಇನ್ನೊಂದು ಕಂಡಿತು. ಹೆಚ್ಚಿನ ಬಾಯಿಗಳು ಗುಡ್ಡದ ತಲೆಯಲ್ಲೂ ಇಲ್ಲ, ಬುಡದಲ್ಲೂ ಇಲ್ಲ. ಇಳಿಜಾರು ಬದಲಾಗುವ ಒಂದು ಪಟ್ಟಿಯಲ್ಲೇ ಇವೆ. ಇದರಿಂದ ಪಂಚಾಯತ್ ಪೂರ್ತಿ ಎಲ್ಲಿ ನೀರು ಸಿಗುತ್ತದೆ ಅಂತ ಬಣ್ಣ ಹಾಕಬಹುದಾ? ಅಳೆದ ಚುಕ್ಕಿಗಳ ನಡುವಿನ ಜಾಗಕ್ಕೆ ಅಂದಾಜು ತುಂಬುವ ಇಂಟರ್‌ಪೊಲೇಶನ್ ಅಂತ ಒಂದು ಟೂಲ್ ಇದೆ.

ವಿದ್ಯಾನಗರದ ಕಲ್ಲು (ಅದೇ ದಿನ)

ಆ ಪಟ್ಟಿಗೆ ಕಾರಣ ಇರಬಹುದು. ಮೇಲೆ ಮುರಕಲ್ಲು, ತೂತು ತೂತು, ಮಳೆನೀರು ಇಳಿಯುತ್ತದೆ. ಅದರ ಅಡಿಯಲ್ಲಿ ಶೇಡಿ ಮಣ್ಣು ಅನ್ನುವ ಜೇಡಿ, ಅದರಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ಎರಡೂ ಸೇರುವ ಜಾಗದಲ್ಲಿ ನೀರು ಅಡ್ಡಕ್ಕೆ ಹರಿಯುತ್ತದೆ. ಸುರಂಗ ಕೊರೆಯುವವರು ಹುಡುಕುವುದೇ ಅದನ್ನು. ಆದರೆ ನಿಮ್ಮ ಎತ್ತರದ ನಕ್ಷೆ ಎಸ್‌ಆರ್‌ಟಿಎಂ ಆಗಿದ್ದರೆ ಅದು 2000ನೇ ಇಸವಿಯ ರೇಡಾರ್ ಅಳತೆ, 30 ಮೀಟರಿಗೆ ಒಂದು ಸಂಖ್ಯೆ. ಮರಗಳಿರುವ ಕಡೆ ನೆಲಕ್ಕಿಂತ ಮೇಲೆ ತೋರಿಸುತ್ತದೆ. ಕೆಲವು ಬಾಯಿಗಳ ಹತ್ತಿರ ಹೋಗಿ ಮಣ್ಣು ನೋಡಿ ಬನ್ನಿ.

ಚಂದ್ರಗಿರಿ ದಡ (ಅದೇ ರಾತ್ರಿ)

ಬಣ್ಣ ಹಾಕುವುದು ಬೇಡ ಕಣೇ, ಈಗಲೇ ಬೇಡ. ಹತ್ತಿರದ ಜಾಗಗಳು ಒಂದನ್ನೊಂದು ಹೋಲುತ್ತವೆ ಅನ್ನುವ ನಂಬಿಕೆ ಮೇಲೆ ಆ ಟೂಲ್ ನಿಂತಿದೆ. 1970ರಲ್ಲಿ ಟೋಬ್ಲರ್ ಅನ್ನುವ ಭೂಗೋಳ ತಜ್ಞ ಹೇಳಿದ ಮಾತು ಅದು, ಭೂಗೋಳದವರೆಲ್ಲ ಮೊದಲು ಕಲಿಯುವುದು ಅದನ್ನೇ. ಮಳೆಗೆ, ಉಷ್ಣತೆಗೆ ಅದು ಸರಿ. ನಮ್ಮ ಮುರಕಲ್ಲಿನ ಒಳಗಿನ ನೀರಿಗೆ? ಅರುವತ್ತು ಅಡಿ ದೂರದಲ್ಲಿ ಎರಡು ಬಾವಿ, ಒಂದರಲ್ಲಿ ಮೇ ತಿಂಗಳಲ್ಲೂ ನೀರು, ಇನ್ನೊಂದು ಫೆಬ್ರವರಿಗೇ ಬತ್ತಿದೆ. ನೀನೂ ನೋಡಿರುತ್ತೀ. ಟೂಲ್ ಎರಡರ ನಡುವೆ ಚೆಂದದ ನೀಲಿ ಬಣ್ಣ ಬಳಿಯುತ್ತದೆ. ಯಾರಾದರೂ ಅದನ್ನು ನಂಬಿ ಬಾವಿ ತೋಡಿದರೆ ಅವರ ದುಡ್ಡು ಹೋಯಿತು. ಮತ್ತೆ ನೀನು ಹೋದದ್ದು ಸುರಂಗ ಇರುವ ಮನೆಗಳಿಗೆ ಮಾತ್ರ. ಕೊರೆದು ನೀರು ಸಿಗದೆ ಬಿಟ್ಟ ಸುರಂಗಗಳನ್ನೂ ಕೇಳು. ಅವು ಇಲ್ಲದ ಲೆಕ್ಕ ಅರ್ಧ ಲೆಕ್ಕ. ಕಾಲೇಜಿನಲ್ಲಿ ಮೊದಲ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಹೋಗುವಾಗ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು.

ನೀರ್ಚಾಲಿನ ತೋಟದವ (ಮರುದಿನ ಬೆಳಿಗ್ಗೆ)

ಬಿಟ್ಟ ಸುರಂಗ ನಮ್ಮಲ್ಲಿ ಎರಡಿದೆ ಮಗಳೇ. ಅಪ್ಪ ಕೊರೆಸಿದ್ದು. ಒಂದು ಕಲ್ಲಿಗೆ ತಾಗಿ ನಿಂತಿತು, ಇನ್ನೊಂದರಲ್ಲಿ ನೀರಿಲ್ಲ. ಬಂದು ಅಳೆದುಕೊಂಡು ಹೋಗು. ಒಂದೇ ಮಾತು. ನಮ್ಮ ನೀರಿನ ಜಾಗವನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡ. ನಾಳೆ ಯಾರೋ ಬಂದು ಮೇಲಿನ ಜಾಗದಲ್ಲಿ ಬೋರ್‌ವೆಲ್ ಹೊಡೆದರೆ ನಮ್ಮದು ಬತ್ತುತ್ತದೆ.

ಪೆರ್ಲದ ಹುಡುಗಿ (ಅದೇ ದಿನ)

ಖಂಡಿತ ಮಾವ. ನಿಮ್ಮ ಹೆಸರೂ ಹಾಕುವುದಿಲ್ಲ, ಜಾಗವೂ ತೋರಿಸುವುದಿಲ್ಲ. ಬೇರೆ ಮನೆಯವರನ್ನೂ ಮತ್ತೆ ಹೋಗಿ ಕೇಳುತ್ತೇನೆ. ಮೊದಲೇ ಕೇಳಬೇಕಿತ್ತು. ಭಾನುವಾರ ಅಪ್ಪನ ಜೊತೆ ನೀರ್ಚಾಲಿಗೆ ಬರಲಾ?

ನೀರ್ಚಾಲಿನ ತೋಟದವ (ಅದೇ ದಿನ)

ಬನ್ನಿ. ಬೆಳಿಗ್ಗೆಯೇ ಬನ್ನಿ, ಊಟ ನಮ್ಮಲ್ಲಿ. ಟಾರ್ಚ್ ಮತ್ತು ಉದ್ದದ ಹಗ್ಗ ತನ್ನಿ. ಒಳಗೆ ಬಾವಲಿ ಇದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮೊದಲು ನಾನು ಇಳಿಯುತ್ತೇನೆ, ನಾನು ಕರೆದ ಮೇಲೆ ನೀನು ಬಾ.